ಗೋಡೆಯ ಲೆಕ್ಕ ಕೆರೆಯಲ್ಲಿದೆ

ಒಂದು ಗಾಜಿನ ಬಾಟಲಿ ತಗೊಳ್ಳಿ. ಉಪ್ಪಿನಕಾಯಿ ಮುಗಿದು ತೊಳೆದಿಟ್ಟದ್ದಾದರೂ ಆದೀತು, ಮೈ ನೇರವಾಗಿದ್ದರೆ ಸಾಕು. ಹಿತ್ತಲಿನಲ್ಲಿ ಮೇಲಿನ ಒಂದಡಿ ಮಣ್ಣು ಬದಿಗೆ ಸರಿಸಿ, ಅದರ ಕೆಳಗಿನದನ್ನು ಪುಡಿಮಾಡಿ ಬಾಟಲಿಯ ಮೂರರಲ್ಲಿ ಒಂದು ಭಾಗ ತುಂಬಿ. ಕತ್ತಿನವರೆಗೆ ನೀರು, ಮೇಲೊಂದು ಚಿಟಿಕೆ ಉಪ್ಪು. ಮುಚ್ಚಳ ಬಿಗಿದು ಚೆನ್ನಾಗಿ ಕುಲುಕಿ, ಯಾರೂ ಮುಟ್ಟದ ಕಡೆ ಇಟ್ಟುಬಿಡಿ. ನಿಮಿಷದೊಳಗೆ ಮರಳು ತಳ ಸೇರುತ್ತದೆ. ಅದರ ಮೇಲೆ ನಿಧಾನಕ್ಕೆ ಹಿಟ್ಟಿನಂಥ ನವುರಾದ ಹೂಳು ಕೂರುತ್ತದೆ. ಜೇಡಿ ಮಾತ್ರ ಮಾರನೇ ದಿನದವರೆಗೂ ಕೆಂಪು ನೀರಾಗಿ ತೇಲುತ್ತಲೇ ಇರುತ್ತದೆ. ಉಪ್ಪು ಹಾಕುವುದು ಜೇಡಿಯ ಕಣಗಳು ಒಂದಕ್ಕೊಂದು ಅಂಟಿಕೊಂಡು ಬೇಗ ಇಳಿಯಲಿ ಅಂತ. ನೀರು ತಿಳಿಯಾದ ಮೇಲೆ ಸ್ಕೇಲು ಹಿಡಿದು ಮೂರು ಪದರ ಅಳೆದರೆ, ಆ ಮಣ್ಣು ಗೋಡೆಗೆ ಬರುತ್ತದೋ ಇಲ್ಲವೋ ಎಂಬ ಮೊದಲ ಅಂದಾಜು ಸಿಗುತ್ತದೆ.

ಇಂಥದ್ದೊಂದು ಬಾಟಲಿ ಈಗ ಮಧುಗಿರಿ ಕಡೆಯ ನಮ್ಮೂರಲ್ಲಿ, ದೊಡ್ಡಪ್ಪನ ಮಾಳಿಗೆ ಮನೆಯ ಗೂಡಿನಲ್ಲಿ ಕೂತಿದೆ. ದೊಡ್ಡಪ್ಪನ ಮಗ, ನಮ್ಮಣ್ಣ, ಪಕ್ಕದ ಜಾಗದಲ್ಲಿ ಹೊಸ ಮನೆ ಕಟ್ಟಿಸಲು ಹೊರಟಿದ್ದಾನೆ. ಸುಟ್ಟ ಇಟ್ಟಿಗೆಯೋ, ಸಾಲಿಡ್ ಬ್ಲಾಕೋ, ತುಸು ಸಿಮೆಂಟ್ ಬೆರೆಸಿ ಅಚ್ಚಿನಲ್ಲಿ ಒತ್ತಿದ ಮಣ್ಣಿನ ಬ್ಲಾಕೋ ಎಂದು ಮನೆಯಲ್ಲಿ ಮೂರು ತಿಂಗಳಿಂದ ಮಾತು ನಡೆದಿದೆ. ನಾನು ಮಣ್ಣಿನ ಕಡೆ. ಏಕೆ ಎಂದು ಅಣ್ಣನಿಗೆ ಹೇಳಿದ್ದನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ವಿಶ್ವವಿದ್ಯಾಲಯಗಳಲ್ಲಿ ಸುಸ್ಥಿರ ಪರಿಸರ, ಸುಸ್ಥಿರ ಕಟ್ಟಡ ಎಂಬ ಹೆಸರಿನಲ್ಲಿ ದೊಡ್ಡ ದೊಡ್ಡ ವಿಭಾಗಗಳಿವೆ. ಹೆಸರು ಭಾರವಾಗಿದ್ದರೂ ಅಲ್ಲಿ ಕೇಳುವ ಪ್ರಶ್ನೆ ಅಜ್ಜಿ ಕೇಳುವಂಥದ್ದೇ. ಈ ಗೋಡೆಯ ಮಣ್ಣು ಎಲ್ಲಿಂದ ಬಂತು? ಅದಕ್ಕೆಂದು ಎಷ್ಟು ಸೌದೆ ಉರಿಯಿತು? ನೀರು ಯಾವ ಬಾವಿಯದು? ಒಳಗೆ ಬದುಕುವವರಿಗೆ ಸೆಕೆಯೋ ತಂಪೋ? ಬಿದ್ದ ಮೇಲೆ ಅದು ಎಲ್ಲಿಗೆ ಹೋಗುತ್ತದೆ? ನಿಸರ್ಗ ಬೇರೆ, ಕಟ್ಟಡ ಬೇರೆ ಎಂದು ಎರಡು ಪುಸ್ತಕದಲ್ಲಿ ಬರೆಯುತ್ತಿದ್ದ ಲೆಕ್ಕವನ್ನು ಒಂದೇ ಪುಸ್ತಕಕ್ಕೆ ತಂದದ್ದು ಈ ಸಂಶೋಧನೆಯ ಸಾರ. ಆ ಕೆಲಸದ ಒಂದು ಮುಖ್ಯ ಅಧ್ಯಾಯ ಬರೆದದ್ದು ನಮ್ಮ ಜಿಲ್ಲೆಯಲ್ಲೇ ಎಂಬುದು ತುಮಕೂರಿನವರಿಗೇ ಅಷ್ಟಾಗಿ ಗೊತ್ತಿಲ್ಲ.

1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ನಮ್ಮ ಹಿರಿಯರ ಬಾಯಲ್ಲಿ ಟಾಟಾ ಇನ್‌ಸ್ಟಿಟ್ಯೂಟ್, ಪ್ರೊ. ಅಮೂಲ್ಯ ರೆಡ್ಡಿ ಮತ್ತು ಅವರ ಜೊತೆಗಾರರು 'ಅಸ್ತ್ರ' ಎಂಬ ಘಟಕ ಆರಂಭಿಸಿದರು. ಹಳ್ಳಿಗಳಿಗೆ ವಿಜ್ಞಾನ, ತಂತ್ರಜ್ಞಾನ ಬಳಸುವುದು ಅದರ ಉದ್ದೇಶ. ಹಳ್ಳಿ ಎಂದು ಬರೀ ಬಾಯಲ್ಲಿ ಹೇಳಲಿಲ್ಲ. ಕುಣಿಗಲ್ ತಾಲೂಕಿನ ಉಂಗ್ರದಲ್ಲಿ ವಿಸ್ತರಣಾ ಕೇಂದ್ರವನ್ನೇ ತೆರೆದರು. ಮುಂದೆ ಇದೇ ಘಟಕ ಬೆಳೆದು ಸುಸ್ಥಿರ ತಂತ್ರಜ್ಞಾನಗಳ ಕೇಂದ್ರವಾಯಿತು. 'ಸುಸ್ಥಿರ' ಎಂಬ ಪದ ಭಾಷಣಗಳಿಗೆ ಬರುವುದಕ್ಕೆ ಎಷ್ಟೋ ವರ್ಷ ಮೊದಲೇ ಉಂಗ್ರದಲ್ಲಿ ತಕ್ಕಡಿ ಹಿಡಿದು ಸೌದೆ ತೂಗುತ್ತಿದ್ದರು.

ತೂಗಿದ್ದು ಏನು ತಿಳಿಸಿತು ನೋಡಿ. ಉಂಗ್ರದ ಸುತ್ತಲ ಹಳ್ಳಿಗಳು ಬಳಸುವ ಶಕ್ತಿಯಲ್ಲಿ ಬಹುಪಾಲು ಸೌದೆಯದು, ಅದರಲ್ಲೂ ಅಡುಗೆಯದು. ಆ ಸೌದೆ ಮರ ಕಡಿದು ತಂದದ್ದಲ್ಲ. ಹೆಚ್ಚಾಗಿ ಆರಿಸಿ ತಂದ ಪುಳ್ಳೆ, ಒಣಗಿದ ರೆಂಬೆ. ಕಾಡು ಹಾಳಾಗುವುದು ಹಳ್ಳಿ ಹೆಂಗಸರ ಒಲೆಯಿಂದ ಎಂಬ ಮಾತು ಆಗ ಎಲ್ಲೆಡೆ ಓಡಾಡುತ್ತಿತ್ತು. ಆ ಮಾತಿಗೆ ಇದಕ್ಕಿಂತ ಗಟ್ಟಿ ಉತ್ತರ ಬೇಕಿರಲಿಲ್ಲ. ಮೂರು ಪಾತ್ರೆ ಕೂರಿಸುವ, ಹೊಗೆಯನ್ನು ಕೊಳವೆಯಲ್ಲಿ ಹೊರಗೆ ಕಳಿಸುವ 'ಅಸ್ತ್ರ ಒಲೆ' ಬಂದದ್ದು ಈ ಅಳತೆಯ ಬೆನ್ನಿಗೆ. ಅಲ್ಲೇ ಪುರ ಎಂಬ ಸಣ್ಣ ಹಳ್ಳಿಯಲ್ಲಿ 1987ರಿಂದ ಊರಿನ ಸಗಣಿಯನ್ನೆಲ್ಲ ಒಟ್ಟುಗೂಡಿಸಿ ಗೋಬರ್ ಗ್ಯಾಸ್ ಮಾಡಿ, ಅದರಿಂದ ಎಂಜಿನ್ ಓಡಿಸಿ, ಮನೆಗಳಿಗೆ ದೀಪವನ್ನೂ ಕೊಳಾಯಿಗೆ ಕೊಳವೆಬಾವಿಯ ನೀರನ್ನೂ ಕೊಟ್ಟರು. ಅದರ ಕಥೆ ಬೇರೆಯೇ ಬರೆಯಬೇಕು. ಇಲ್ಲಿ ನಮಗೆ ಬೇಕಾದದ್ದು ಗೋಡೆ.

ಸೌದೆ ತೂಗಿದವರು ಗೋಡೆಯನ್ನೂ ಹಾಗೇ ತೂಗಿದರು. ಒಂದು ಇಟ್ಟಿಗೆ ಮನೆಗೆ ಬರುವ ಹೊತ್ತಿಗೆ ಅದಕ್ಕಾಗಿ ಉರಿದ ಉರುವಲು ಎಷ್ಟು? ಇದಕ್ಕೆ ಅಂತರ್ಗತ ಶಕ್ತಿ ಎನ್ನುತ್ತಾರೆ. ಮನೆಯೊಳಗೆ ಒಂದು ಬಲ್ಬು ಹಚ್ಚುವ ಮೊದಲೇ ಖರ್ಚಾಗಿಹೋದ ಶಕ್ತಿ ಇದು. ಕರೆಂಟ್ ಬಿಲ್ಲಿನಲ್ಲಿ ಬಾರದ ಕಾರಣ ಯಾರ ಕಣ್ಣಿಗೂ ಬೀಳುವುದಿಲ್ಲ.

ಇದೇ ಸಂಸ್ಥೆಯ ಬಿ.ವಿ. ವೆಂಕಟರಾಮ ರೆಡ್ಡಿ ಮತ್ತು ಕೆ.ಎಸ್. ಜಗದೀಶ್ 2003ರಲ್ಲಿ ಈ ಲೆಕ್ಕವನ್ನು ಪ್ರಕಟಿಸಿದರು. ಗೂಡಿನಲ್ಲಿ ಸುಟ್ಟ ಒಂದು ಮಾಮೂಲಿ ಇಟ್ಟಿಗೆಗೆ ಕಾಲು ಕೆಜಿಯಿಂದ 300 ಗ್ರಾಂವರೆಗೆ ಸೌದೆ ಬೇಕು. ಶಕ್ತಿಯ ಅಳತೆಯಲ್ಲಿ ಅದು ಸುಮಾರು 4.25 ಮೆಗಾಜೂಲ್. ಒಂದು ಯೂನಿಟ್ ಕರೆಂಟ್ ಎಂದರೆ 3.6 ಮೆಗಾಜೂಲ್. ಅಂದರೆ ಕೈಲಿ ಹಿಡಿದ ಪ್ರತಿ ಇಟ್ಟಿಗೆಯೊಳಗೂ ಒಂದು ಯೂನಿಟ್ಟಿಗಿಂತ ಹೆಚ್ಚು ಶಕ್ತಿ ಕೂತಿದೆ. ನೂರಕ್ಕೆ ಆರು ಭಾಗ ಸಿಮೆಂಟ್ ಬೆರೆಸಿ ಒತ್ತಿದ ಮಣ್ಣಿನ ಬ್ಲಾಕ್, ಗಾತ್ರದಲ್ಲಿ ಎರಡೂವರೆ ಇಟ್ಟಿಗೆಯಷ್ಟು ದೊಡ್ಡದು, ತೆಗೆದುಕೊಂಡದ್ದು 2.6 ಮೆಗಾಜೂಲ್. ಗಾತ್ರಕ್ಕೆ ಗಾತ್ರ ಹೋಲಿಸಿದರೆ ಸುಟ್ಟ ಇಟ್ಟಿಗೆಯ ಕಾಲು ಭಾಗಕ್ಕೂ ತುಸು ಕಡಿಮೆ. ಅದೂ ಬಹುತೇಕ ಸಿಮೆಂಟಿನ ಪಾಲು. ಮಣ್ಣಿಗೆ ಬೆಂಕಿಯೇ ಬೇಡವಲ್ಲ.

ಪೂರ್ತಿ ಕಟ್ಟಡಕ್ಕೂ ಅವರು ಲೆಕ್ಕ ಹಾಕಿದ್ದಾರೆ. ಕಂಬ, ತೊಲೆ ಎಲ್ಲ ಕಾಂಕ್ರೀಟಿನ ಬಹುಮಹಡಿ ಕಟ್ಟಡಕ್ಕೆ ಚದರ ಮೀಟರಿಗೆ 4.21 ಗಿಗಾಜೂಲ್ (ಸಾವಿರ ಮೆಗಾಜೂಲ್ ಸೇರಿದರೆ ಒಂದು ಗಿಗಾಜೂಲ್). ಸುಟ್ಟ ಇಟ್ಟಿಗೆಯ ಗೋಡೆ, ಮಾಮೂಲಿ ಮೋಲ್ಡ್, ಅಂದರೆ ಕಾಂಕ್ರೀಟ್ ತಾರಸಿ, ಇರುವ ಎರಡು ಅಂತಸ್ತಿನ ಮನೆಗೆ 2.92. ಮಣ್ಣಿನ ಬ್ಲಾಕಿನ ಗೋಡೆ, ಕಾಂಕ್ರೀಟ್ ಕಡಿಮೆ ಹಿಡಿಯುವ ತಾರಸಿ ಇರುವ ಮನೆಗೆ 1.61. ಅಣ್ಣ ಕಟ್ಟಿಸುವುದು ಆರುನೂರು ಚದರಡಿ, ಅಂದರೆ ಹತ್ತಿರ ಹತ್ತಿರ 56 ಚದರ ಮೀಟರ್. ಇದೇ ಅಂಕಿಗಳನ್ನು ಅವನ ಮನೆಗೆ ಹಚ್ಚಿ ಸ್ಥೂಲವಾಗಿ ಗುಣಿಸಿದರೆ, ಎರಡನೇ ಬಗೆಗೂ ಮೂರನೇ ಬಗೆಗೂ ಇರುವ ವ್ಯತ್ಯಾಸ ಸುಮಾರು 73 ಗಿಗಾಜೂಲ್, ಹೆಚ್ಚುಕಮ್ಮಿ ಇಪ್ಪತ್ತು ಸಾವಿರ ಯೂನಿಟ್ ಕರೆಂಟಿಗೆ ಸಮ. ತಿಂಗಳಿಗೆ 60 ಯೂನಿಟ್ ಉರಿಸುವ ಮನೆಗೆ ಅದು 28 ವರ್ಷದ ಬಳಕೆ! ಈ ಗುಣಾಕಾರ ಮಾಡಿ ತೋರಿಸಿದ ದಿನ ಅಣ್ಣ ಏನೂ ಹೇಳಲಿಲ್ಲ. ಬಾಟಲಿಗೆ ಮಣ್ಣು ತುಂಬಿದ್ದು ಮಾರನೇ ದಿನ.

ಸಿಮೆಂಟ್ ವಿಷಯದಲ್ಲಿ ಒಂದು ಮಾತು ಸೇರಿಸಬೇಕು. ಸುಣ್ಣಕಲ್ಲನ್ನು ಜೇಡಿಯ ಜೊತೆ 1450 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿದರೆ ಸಿಮೆಂಟಿನ ಮೂಲವಸ್ತು ಸಿಗುತ್ತದೆ. ಕಾಯಿಸಲು ಉರಿಸಿದ ಕಲ್ಲಿದ್ದಲಿನ ಹೊಗೆ ಒಂದು ಕಡೆಯಾದರೆ, ಸುಣ್ಣಕಲ್ಲು ತಾನೇ ಒಡೆದು ಬಿಡುವ ಇಂಗಾಲದ ಡೈಆಕ್ಸೈಡ್ ಅದಕ್ಕಿಂತ ಹೆಚ್ಚು. ಒಲೆಯ ಉರುವಲು ಬದಲಾಯಿಸಿದರೂ ಈ ಎರಡನೆಯದು ನಿಲ್ಲುವುದಿಲ್ಲ. ಹಾಗಾಗಿಯೇ ಸಿಮೆಂಟನ್ನು ಚಮಚದ ಲೆಕ್ಕದಲ್ಲಿ ಬಳಸುವುದು ಹೇಗೆ ಎಂಬುದೇ ಈ ಸಂಶೋಧಕರ ದೊಡ್ಡ ಚಿಂತೆ.

ಇನ್ನು ಕೆರೆಗೆ ಬರುತ್ತೇನೆ. ಸಣ್ಣ ಮನೆಯೊಂದಕ್ಕೆ ಹದಿನೈದು ಸಾವಿರ ಇಟ್ಟಿಗೆ ಹಿಡಿಯುತ್ತದೆ ಎಂದಿಟ್ಟುಕೊಳ್ಳಿ. ಒಂದೊಂದು ಮೂರು ಕೆಜಿ ತೂಗಿದರೆ 45 ಟನ್ ಮಣ್ಣು, ಜೊತೆಗೆ ನಾಲ್ಕು ಟನ್ ಸೌದೆ. ಮಾಲೂರಿನ ಕಡೆ ಓಡಾಡಿದವರಿಗೆ ಇಟ್ಟಿಗೆ ಗೂಡುಗಳ ಸಾಲು ಗೊತ್ತೇ ಇರುತ್ತದೆ. ಇಟ್ಟಿಗೆಗೆ ಜೇಡಿ ಹೆಚ್ಚಿರುವ ಮಣ್ಣು ಬೇಕು. ನಮ್ಮ ಬಯಲುಸೀಮೆಯಲ್ಲಿ ಅಂಥ ಮಣ್ಣು ತಲತಲಾಂತರದಿಂದ ಬಂದು ಕೂತಿರುವುದು ಕೆರೆಯಂಗಳದಲ್ಲಿ, ಕೆರೆ ಕೆಳಗಿನ ಗದ್ದೆಯಲ್ಲಿ. ಬೇಸಿಗೆಯಲ್ಲಿ ಕೆರೆ ಗೋಡನ್ನು, ಅಂದರೆ ಹೂಳನ್ನು, ಗಾಡಿಗೆ ತುಂಬಿ ಹೊಲಕ್ಕೆ ಹೊಡೆಸುವುದು ಹಳೇ ಪದ್ಧತಿ, ಒಳ್ಳೆಯ ಪದ್ಧತಿ. ತೆಳ್ಳಗೆ ಎಲ್ಲ ಕಡೆ ಒಂದೇ ಸಮ ತೆಗೆದರೆ ಕೆರೆಗೂ ಆಳ, ಹೊಲಕ್ಕೂ ಸಾರ. ಗೂಡಿಗೆ ಬೇಕಾದ ಮಣ್ಣು ಹಾಗೆ ತೆಗೆಯುವುದಿಲ್ಲ. ಒಂದೇ ಕಡೆ ಜೆಸಿಬಿ ಇಳಿಸಿ ಬಾವಿಯಂತೆ ತೋಡುತ್ತಾರೆ. ಮುಂಗಾರಿನ ಮೊದಲ ನೀರು ಆ ಗುಂಡಿಗಳಲ್ಲೇ ನಿಂತುಬಿಡುತ್ತದೆ, ತೂಬಿನ ಮಟ್ಟಕ್ಕೆ ಏರುವುದಿಲ್ಲ. ದನ ಇಳಿದರೆ ಹೂತುಹೋಗುತ್ತವೆ, ಮಕ್ಕಳು ಈಜಲು ಹೋಗಿ ಹೊರಗೆ ಬರುವುದಿಲ್ಲ.

ಮರಳಿನದು ಇದಕ್ಕಿಂತ ಸಂಕಟದ ಕಥೆ. ಜಯಮಂಗಲಿ, ಉತ್ತರ ಪಿನಾಕಿನಿ, ಪಾಲಾರ್ ವರ್ಷದಲ್ಲಿ ಹೆಚ್ಚು ದಿನ ಒಣಗಿರುವ ಹೊಳೆಗಳು. ಒಣ ಹೊಳೆಯ ಮರಳು ಬರೀ ಮರಳಲ್ಲ. ಕಾಳು ಕಾಳಿನ ನಡುವಿನ ಸಂದಿನಲ್ಲಿ ನೀರು ತುಂಬಿಕೊಂಡು, ಬಿಸಿಲಿಗೆ ಆರದಂತೆ ಕಾಪಾಡಿ, ದಂಡೆಯ ಬಾವಿಗಳಿಗೆ ನಿಧಾನಕ್ಕೆ ಬಿಟ್ಟುಕೊಡುವ ಭಂಡಾರ ಅದು. ಅಜ್ಜಿಯ ಕಾಲದಲ್ಲಿ ಹೊಳೆಯಲ್ಲಿ ಮೊಳಕೈಯುದ್ದ ಒರತೆ ತೋಡಿ ಕುಡಿಯುವ ನೀರು ತರುತ್ತಿದ್ದರು. ಮರಳು ಹೋಯಿತು, ಒರತೆಯೂ ಹೋಯಿತು. ಹೊಳೆ ಮುಗಿದ ಮೇಲೆ ಕೋಲಾರ, ಚಿಕ್ಕಬಳ್ಳಾಪುರದ ಕಡೆ ಫಿಲ್ಟರ್ ಮರಳು ಶುರುವಾಯಿತು. ಹೊಲದ ಮಣ್ಣನ್ನೋ ಕೆರೆಯಂಗಳದ ಮಣ್ಣನ್ನೋ ಕೊಳವೆಬಾವಿ ನೀರಿನಲ್ಲಿ ತೊಳೆದು ಮರಳನ್ನು ಬೇರ್ಪಡಿಸುವ ಕೆಲಸ. ಕಾನೂನು ಒಪ್ಪದ್ದು. ಮೊದಲು ಹೇಳಿದ ಬಾಟಲಿಯನ್ನೇ ಎಕರೆಗಟ್ಟಲೆ ಹಿಗ್ಗಿಸಿದಂತೆ. ಅಂತರ್ಜಲ ಪಾತಾಳಕ್ಕಿಳಿದ ಊರಲ್ಲಿ, ಕುಡಿಯುವ ನೀರಿನಲ್ಲಿ ಫ್ಲೋರೈಡ್ ಎಂದು ಮಕ್ಕಳ ಹಲ್ಲು ಕಂದುಬಣ್ಣಕ್ಕೆ ತಿರುಗುವ ಊರಲ್ಲಿ, ಆಳದ ನೀರೆತ್ತಿ ಮಣ್ಣು ತೊಳೆಯುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಅದೇ ಕೋಲಾರದ ಕೆರೆಗಳಿಗೆ 2018ರಿಂದ ಬೆಂಗಳೂರಿನ ಶುದ್ಧೀಕರಿಸಿದ ತ್ಯಾಜ್ಯನೀರು ಕೆ.ಸಿ. ವ್ಯಾಲಿ (ಕೋರಮಂಗಲ-ಚಲ್ಲಘಟ್ಟ ಕಣಿವೆ) ಯೋಜನೆಯ ಕೊಳವೆಗಳಲ್ಲಿ ಬರುತ್ತಿದೆ. ದಿನಕ್ಕೆ 44 ಕೋಟಿ ಲೀಟರ್, 126 ಕೆರೆ, ಇದು ಯೋಜನೆಯ ಗಾತ್ರ. ಮೊದಲು ನೀರು ಕಂಡದ್ದು ಲಕ್ಷ್ಮೀಸಾಗರ ಕೆರೆ. ಎರಡು ಹಂತದ ಶುದ್ಧೀಕರಣ ಸಾಲದು, ಮೂರನೆಯದೂ ಬೇಕು ಎಂಬ ಜಗಳ ನ್ಯಾಯಾಲಯದ ಮೆಟ್ಟಿಲೂ ಹತ್ತಿತು. ಆ ಬೇಡಿಕೆ ನ್ಯಾಯವಾದದ್ದೇ ಎಂಬುದು ನನ್ನ ಅಭಿಪ್ರಾಯ. ಸುತ್ತಲ ಬಾವಿಗಳಲ್ಲಿ ನೀರಿನ ಮಟ್ಟ ಏರಿದ್ದನ್ನು ಭಾರತೀಯ ವಿಜ್ಞಾನ ಸಂಸ್ಥೆಯವರು ಅಳೆದಿದ್ದಾರೆ. ಅಳತೆ ಬಿಟ್ಟು ವಾದ ಮಾಡಿದರೆ ಪರ, ವಿರೋಧ ಎರಡೂ ಕುರುಡಾಗುತ್ತವೆ. ನೀರು ಬಂದ ಕೆರೆಯ ಅಂಗಳವೇ ಗುಂಡಿಬಿದ್ದಿದ್ದರೆ ಬಂದ ನೀರಿನ ಗತಿ ಏನು ಎಂಬ ಪ್ರಶ್ನೆ ಮಾತ್ರ ಮತ್ತೆ ಇಟ್ಟಿಗೆಗೇ ಬಂದು ನಿಲ್ಲುತ್ತದೆ.

ಹಾಗಾದರೆ ಮಣ್ಣಿನ ಬ್ಲಾಕಿಗೂ ಮಣ್ಣು ಬೇಕಲ್ಲ? ಬೇಕು. ಅದು ಯಾವ ಮಣ್ಣು ಎಂಬುದೇ ಮುಖ್ಯ. ಬ್ಲಾಕಿಗೆ ಜೇಡಿ ಕಡಿಮೆ, ಮರಳು ಜಾಸ್ತಿ ಇರಬೇಕು. ನೂರರಲ್ಲಿ ಜೇಡಿ ಹತ್ತರಿಂದ ಹದಿನೈದು, ಮರಳು ಅರವತ್ತೈದರ ಮೇಲೆ. ಮರಳು ಮೂಳೆ ಇದ್ದಂತೆ, ಭಾರ ಹೊರುತ್ತದೆ. ಜೇಡಿ ಹಸಿಯಲ್ಲಿ ಬ್ಲಾಕಿನ ಆಕಾರ ಹಿಡಿದಿಡುತ್ತದೆ. ಜೇಡಿ ಹೆಚ್ಚಾದರೆ ನೀರು ಕುಡಿದು ಉಬ್ಬುತ್ತದೆ, ಆರಿ ಕುಗ್ಗುತ್ತದೆ, ಹೀಗೆ ಉಬ್ಬಿ ಕುಗ್ಗಿ ಸಿಮೆಂಟಿನ ಬಂಧವನ್ನೇ ಬಿಡಿಸುತ್ತದೆ. ನಮ್ಮ ಕಡೆಯ ಕೆಮ್ಮಣ್ಣಿನ ಜೇಡಿ ಅಷ್ಟಾಗಿ ಉಬ್ಬುವ ಜಾತಿಯದಲ್ಲ, ಸಿಮೆಂಟಿಗೆ ಒಗ್ಗುತ್ತದೆ. ಎರೆಮಣ್ಣು ಒಗ್ಗುವುದಿಲ್ಲ, ಅದಕ್ಕೆ ಸುಣ್ಣ ಬೇಕು. ಕೆರೆ ಮಣ್ಣು ಇಟ್ಟಿಗೆಗೆ ಚಿನ್ನ, ಬ್ಲಾಕಿಗೆ ಕಸ. ಬ್ಲಾಕಿಗೆ ಸಲ್ಲುವುದು ಪಾಯ ತೋಡಿದ ಮಣ್ಣು, ನೀರಿನ ಸಂಪಿಗೆಂದು ಅಗೆದ ಗರಸು ಮಣ್ಣು, ಹೆಚ್ಚೆಂದರೆ ಜೊತೆಗೊಂದಿಷ್ಟು ಕ್ರಷರ್ ಪುಡಿ. ಮನೆಯ ಗೋಡೆ ಮನೆಯ ಗುಂಡಿಯಿಂದಲೇ ಏಳುತ್ತದೆ.

ಮಾಡುವುದನ್ನು ಹತ್ತಿರದಿಂದ ನೋಡಿದ್ದೇನೆ. ಮಣ್ಣನ್ನು ಜರಡಿ ಹಿಡಿದು, ಅಳತೆಯ ಸಿಮೆಂಟ್ ಚೆಲ್ಲಿ, ಒಣಗಿದ್ದಾಗಲೇ ಎರಡು ಸಲ ಸಲಿಕೆಯಲ್ಲಿ ಮಗುಚುತ್ತಾರೆ. ಆಮೇಲೆ ನೀರು ಚಿಮುಕಿಸುವುದು. ಎಷ್ಟು ನೀರು ಎಂಬುದಕ್ಕೆ ಅಲ್ಲಿದ್ದ ಹೆಂಗಸೊಬ್ಬರು ಕೊಟ್ಟ ಉತ್ತರ ನನಗೆ ಯಾವ ಪುಸ್ತಕದಲ್ಲೂ ಸಿಕ್ಕಿಲ್ಲ: "ತಂಬಿಟ್ಟಿನ ಹದ ಕಣಪ್ಪಾ, ಮುಷ್ಟೀಲಿ ಹಿಡಿದ್ರೆ ಉಂಡೆ ನಿಲ್ಬೇಕು, ಕೈಗೆ ಅಂಟ್ಬಾರ್ದು." ಹದ ಬಂದ ಮಣ್ಣನ್ನು ಪ್ರತಿ ಸಲವೂ ತಕ್ಕಡಿಯಲ್ಲಿ ತೂಗಿ ಅಚ್ಚಿಗೆ ಸುರಿಯುತ್ತಾರೆ. ತೂಗುವುದು ಯಾಕೆಂದರೆ ಬ್ಲಾಕಿನ ಬಲ ಇರುವುದು ಸಾಂದ್ರತೆಯಲ್ಲಿ. ಅಚ್ಚು ಅದೇ, ಒಳಗೆ ಹಿಡಿದ ಮಣ್ಣು ಕಡಿಮೆಯಾದರೆ ಒತ್ತಡ ಕಡಿಮೆ, ಬ್ಲಾಕ್ ಪುಸ್ಕ. ಮುಚ್ಚಳ ಹಾಕಿ ಇಬ್ಬರು ಉದ್ದನೆಯ ಹಿಡಿಕೆಗೆ ಜೋತುಬಿದ್ದು ಎಳೆದರೆ ಕರ್ರೆಂದು ಇಳಿಯುತ್ತದೆ. ಹಿಡಿಕೆ ಮೇಲೆತ್ತಿದಾಗ ಅಂಚು ಚೂಪಾಗಿರುವ, ಎಂಟೊಂಬತ್ತು ಕೆಜಿಯ ಹಸಿ ಬ್ಲಾಕ್ ಹೊರಬರುತ್ತದೆ, ಬೆಲ್ಲದಚ್ಚು ಬಿಡಿಸಿದ ಹಾಗೆ.

ಇಲ್ಲಿಗೆ ಅರ್ಧ ಕೆಲಸ ಮುಗಿಯಿತು, ಉಳಿದರ್ಧ ನೀರುಣಿಸುವುದು. ಪೇರಿಸಿ, ಹುಲ್ಲು ಹೊದಿಸಿ, ಮೂರರಿಂದ ನಾಲ್ಕು ವಾರ ಒದ್ದೆಯಾಗಿಡಬೇಕು. ಸಿಮೆಂಟ್ ಗಟ್ಟಿಯಾಗುವುದು ಒಣಗುವುದರಿಂದ ಅಲ್ಲ, ನೀರಿನ ಜೊತೆ ನಡೆಯುವ ರಾಸಾಯನಿಕ ಕ್ರಿಯೆಯಿಂದ. ನೀರು ಬೇಗ ಆರಿದರೆ ಕ್ರಿಯೆ ಅರ್ಧಕ್ಕೇ ನಿಲ್ಲುತ್ತದೆ. ಇದನ್ನು ಒತ್ತಿ ಹೇಳಲು ಕಾರಣವಿದೆ. ತುಮಕೂರಿನಲ್ಲಿ ನಮ್ಮ ಬಾಡಿಗೆ ಮನೆಯ ಕಾಂಪೌಂಡಿಗೆ ಒಂದು ಕಡೆಯಿಂದ ಮಣ್ಣಿನ ಬ್ಲಾಕ್ ತರಿಸಿದ್ದರು. ಒಂದೇ ವಾರ ನೀರು ಕಂಡಿದ್ದ ಮಾಲು. ಎರಡನೇ ಮಳೆಗಾಲಕ್ಕೆ ಮೂಲೆಗಳು ಉದುರಿ, ಬೆರಳಾಡಿಸಿದರೆ ಪುಡಿ ಬರುತ್ತಿತ್ತು. ನೋಡಿದವರೆಲ್ಲ ಮಣ್ಣನ್ನು ಬೈದರು. ತಪ್ಪು ಮಣ್ಣಿನದಾಗಿರಲಿಲ್ಲ. ಪ್ರಯೋಗಾಲಯದಲ್ಲಿ ಬ್ಲಾಕನ್ನು ನೀರಿನಲ್ಲಿ ಎರಡು ದಿನ ನೆನೆಸಿ, ಒದ್ದೆಯಲ್ಲೇ ಒಡೆದು ಬಲ ಅಳೆಯುವುದು ಇದಕ್ಕೇ. ಒಣ ಬ್ಲಾಕ್ ಯಾರದ್ದಾದರೂ ಗಟ್ಟಿಯಾಗೇ ಇರುತ್ತದೆ.

ಅಣ್ಣನ ಮೇಸ್ತ್ರಿ ಕೇಳಿದ್ದೂ ಅದನ್ನೇ: "ಮಳೆಗೆ ಕರ್ಗೋಗಲ್ವಾ ಸಾ?" ಈ ಅನುಮಾನಕ್ಕೆ ಮರ್ಯಾದೆ ಕೊಡಲೇಬೇಕು, ಯಾಕೆಂದರೆ ಕರಗಿದ ಗೋಡೆಗಳನ್ನು ನೋಡಿ ಬೆಳೆದವರ ಅನುಮಾನ ಅದು. ಹಳೇ ಮಣ್ಣಿನ ಗೋಡೆ ಒದ್ದೆಯಾದರೆ ಬಲ ಕಳೆದುಕೊಳ್ಳುತ್ತದೆ. ಇಲಿ ಕೊರೆಯುತ್ತದೆ, ಪ್ರತಿ ಹಬ್ಬಕ್ಕೂ ಸಾರಿಸಬೇಕು, ಸಾರಿಸುವ ಸೊಂಟ ಯಾವಾಗಲೂ ಹೆಂಗಸರದೇ. ಹಿಂದಿನದೆಲ್ಲ ಚೆನ್ನಾಗಿತ್ತು ಎಂದು ನಾನು ಹೇಳಲಾರೆ. ಸಂಶೋಧನೆ ಮಾಡಿದ್ದು ಅದೇ ಮಣ್ಣಿನ ಯಾವ ಗುಣ ಉಳಿಸಬೇಕು, ಯಾವುದನ್ನು ತಿದ್ದಬೇಕು ಎಂದು ಬೇರ್ಪಡಿಸುವ ಕೆಲಸ.

ಉಳಿಸಬೇಕಾದ್ದು ಏನೆಂದು ದೊಡ್ಡಪ್ಪನ ಮನೆಗೆ ಏಪ್ರಿಲ್‌ನಲ್ಲಿ ಬಂದರೆ ಗೊತ್ತಾಗುತ್ತದೆ. ಒಂದೂವರೆ ಅಡಿಗೂ ದಪ್ಪದ ಗೋಡೆ. ತೊಲೆ, ಜಂತೆ, ಅದರ ಮೇಲೆ ಬಂದರೆ ಗಿಡದ ಸೊಪ್ಪು, ಅದರ ಮೇಲೆ ಗೇಣುದ್ದ ಮಣ್ಣು, ಕೊನೆಗೆ ಸೌಳು ಮಣ್ಣಿನ ಹೊದಿಕೆ. ಸೌಳಿನಲ್ಲಿ ಸೋಡಿಯಂ ಹೆಚ್ಚು. ಮಳೆನೀರು ಬಿದ್ದಾಗ ಅದರ ಜೇಡಿಯ ಕಣಗಳು ಬಿಡಿಬಿಡಿಯಾಗಿ ಹರಡಿಕೊಂಡು ಸಣ್ಣ ರಂಧ್ರಗಳನ್ನೆಲ್ಲ ಮುಚ್ಚುತ್ತವೆ, ನೀರು ಇಳಿಯುವುದಿಲ್ಲ. ಬೆಳೆಗೆ ಬಾರದ ಮಣ್ಣನ್ನು ಹುಡುಕಿ ಮಾಳಿಗೆಗೇರಿಸಿದ ಹಿರಿಯರಿಗೆ ಕಣದ ವಿಜ್ಞಾನ ತಿಳಿದಿರಲಿಲ್ಲ, ಮಣ್ಣು ತಿಳಿದಿತ್ತು. ದಪ್ಪ ಗೋಡೆ ಹಗಲಿನ ಬಿಸಿಯನ್ನು ಒಳಗೆ ದಾಟಿಸಲು ಹತ್ತು ಹನ್ನೆರಡು ಗಂಟೆ ತೆಗೆದುಕೊಳ್ಳುತ್ತದೆ. ಅಷ್ಟರಲ್ಲಿ ಹೊರಗೆ ರಾತ್ರಿ, ಬಿಸಿ ವಾಪಸ್ ಹೋಗುತ್ತದೆ. ನಾಲ್ಕೈದು ಇಂಚಿನ ಮೋಲ್ಡ್ ಮೂರ್ನಾಲ್ಕು ಗಂಟೆಯಲ್ಲೇ ದಾಟಿಸುತ್ತದೆ, ಹಾಸಿಗೆ ಹಾಸುವ ಹೊತ್ತಿಗೆ ತಲೆಯ ಮೇಲೆ ಕಾದ ಕಾವಲಿ. ಶೀಟಿಗೆ ಆ ಮೂರ್ನಾಲ್ಕು ಗಂಟೆಯೂ ಇಲ್ಲ.

ಒಂಬತ್ತಿಂಚಿನ ಬ್ಲಾಕ್ ಗೋಡೆ ದೊಡ್ಡಪ್ಪನ ಗೋಡೆಯಷ್ಟು ತಂಪು ಕೊಡುವುದಿಲ್ಲ ಎಂದು ಅಣ್ಣನಿಗೆ ನೇರವಾಗಿ ಹೇಳಿದ್ದೇನೆ. ಅದಕ್ಕಿಂತ ತಲೆಕೆಡಿಸಿಕೊಳ್ಳಬೇಕಾದ್ದು ಮಾಡಿನ ಬಗ್ಗೆ. ನಮ್ಮ ಅಕ್ಷಾಂಶದಲ್ಲಿ ಏಪ್ರಿಲ್ ಕೊನೆಯ ವಾರ ಮತ್ತು ಆಗಸ್ಟ್ ಮಧ್ಯದಲ್ಲಿ ನಡುಹಗಲ ಸೂರ್ಯ ಸರಿಯಾಗಿ ನೆತ್ತಿಯ ಮೇಲಿರುತ್ತಾನೆ. ಬಿಸಿಲು ಹೆಚ್ಚು ಬೀಳುವುದು ಗೋಡೆಗಲ್ಲ, ತಾರಸಿಗೆ. ಮೋಲ್ಡಿನ ಕೆಳಭಾಗದ ಕಾಂಕ್ರೀಟ್ ನಿಜಕ್ಕೂ ಭಾರ ಹೊರುವುದಿಲ್ಲ, ಅಲ್ಲಿ ಎಳೆತವನ್ನು ತಡೆಯುವುದು ಕಬ್ಬಿಣ. ಆ ಜಾಗದಲ್ಲಿ ಕಂಬಿಗಳ ನಡುವೆ ಮಂಗಳೂರು ಹೆಂಚನ್ನೋ ಮಣ್ಣಿನ ಬ್ಲಾಕನ್ನೋ ತುಂಬಿ ಸಿಮೆಂಟ್ ಉಳಿಸುವ ತಾರಸಿಯನ್ನು ಕೇರಳದಲ್ಲಿ ವಾಸ್ತುಶಿಲ್ಪಿ ಲಾರಿ ಬೇಕರ್ ಜನಪ್ರಿಯಗೊಳಿಸಿದರು. ಮೇಲೆ ಬಿಳಿ ಸುಣ್ಣ ಬಳಿದರೆ ಇನ್ನಷ್ಟು ಬಿಸಿಲು ಹಿಂತಿರುಗುತ್ತದೆ. ಅದಕ್ಕೆ ಯಾವ ಎಂಜಿನಿಯರೂ ಬೇಡ.

ನನಗೆ ಬೇಸರವಿರುವುದು ಒಂದರ ಬಗ್ಗೆ. ಹಳ್ಳಿಗೆಂದು ರೂಪಿಸಿದ ಈ ಬ್ಲಾಕ್ ಇವತ್ತು ಹೆಚ್ಚು ಕಾಣುವುದು ಬೆಂಗಳೂರಿನ ಉಳ್ಳವರ ಬಂಗಲೆಗಳಲ್ಲಿ. ಹಳ್ಳಿಯಲ್ಲಿ ಮಣ್ಣು ಬಡತನದ ಗುರುತಾಗಿ ಉಳಿದಿದೆ, ಬ್ಯಾಂಕಿನವರೂ ಮೇಸ್ತ್ರಿಗಳೂ ಹಾಗೇ ನೋಡುತ್ತಾರೆ. ಇಂಥ ಬ್ಲಾಕಿಗೆಂದೇ ಐಎಸ್ 1725 ಎಂಬ ಭಾರತೀಯ ಮಾನಕವಿದೆ, 2013ರಲ್ಲಿ ಪರಿಷ್ಕರಿಸಿದ್ದಾರೆ. ಅದನ್ನು ಮುದ್ರಿಸಿ ಅಣ್ಣನ ಕೈಗೆ ಕೊಟ್ಟಿದ್ದೇನೆ, ಸಾಲದ ಅರ್ಜಿಯ ಜೊತೆ ಲಗತ್ತಿಸಲಿ ಎಂದು.

ಗೂಡಿನಲ್ಲಿದ್ದ ಬಾಟಲಿಯನ್ನು ಹೋದ ಭಾನುವಾರ ಅಳೆದೆವು. ಮರಳು ಸಾಕಷ್ಟಿಲ್ಲ, ಜೇಡಿ ತುಸು ಜಾಸ್ತಿ. ಮೂರು ಬುಟ್ಟಿ ಮಣ್ಣಿಗೆ ಒಂದು ಬುಟ್ಟಿ ಕ್ರಷರ್ ಪುಡಿ ಬೆರೆಸಿ ಇನ್ನೊಂದು ಬಾಟಲಿ ಕುಲುಕಿ ಇಟ್ಟಿದ್ದೇವೆ. ಸರಿಬಂದರೆ ಆರು ಬ್ಲಾಕ್ ಒತ್ತಿಸಿ, 28 ದಿನ ನೀರುಣಿಸಿ, ತುಮಕೂರಿನ ಎಂಜಿನಿಯರಿಂಗ್ ಕಾಲೇಜಿನ ಪ್ರಯೋಗಾಲಯದಲ್ಲಿ ನೆನೆಸಿ ಒಡೆಸುವುದೆಂದು ಮಾತಾಗಿದೆ. ಮೇಸ್ತ್ರಿಯೂ ಬರುತ್ತೇನೆ ಎಂದಿದ್ದಾನೆ, ಒಡೆಯುವಾಗ ಕಣ್ಣಾರೆ ನೋಡಬೇಕಂತೆ.